ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಮುಂಚೆ ಇದನ್ನು ಓದಿ, ಮೈಸೂರಿನವರು ಹುಷಾರು

ಮೈಸೂರಿನಲ್ಲಿ ಮನೆಯಲ್ಲೇ ಕೂತು ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುವವರು ತುಂಬಾ ಜನ ಇದ್ದೀರಿ. ನಾನೂ ಅದೇ ಕೆಲಸದವಳು. ಕಂಪ್ಯೂಟರ್ ಅಂಗಡಿಯವನೊಬ್ಬ 8,500 ರೂಪಾಯಿ ತಗೊಂಡು ನನಗೆ ನಕಲಿ ಗ್ರಾಫಿಕ್ಸ್ ಕಾರ್ಡ್ (ಸ್ಕ್ರೀನಿಗೆ ಚಿತ್ರ ಮೂಡಿಸುವ ಬಿಡಿಭಾಗ) ಹಾಕಿ ಕಳಿಸಿದ. ಅದಕ್ಕಿಂತ ಹೊಟ್ಟೆ ಉರಿಸುವ ವಿಷಯ ಏನು ಗೊತ್ತಾ? ನನಗೆ ಕಾರ್ಡೇ ಬೇಕಾಗಿರಲಿಲ್ಲ.

ಆಷಾಢ ಮುಗಿಯುತ್ತಾ ಬಂದಿತ್ತು. ಶ್ರಾವಣದ ಮದುವೆ ಪತ್ರಿಕೆಗಳ ಕೆಲಸ ರಾಶಿ ಬಿದ್ದಿತ್ತು. ಆಗಲೇ ಫೋಟೋಶಾಪ್ ಕೈಕೊಟ್ಟಿತು. ಝೂಮ್ ಮಾಡಿದರೆ ಚಿತ್ರ ತಡವರಿಸುತ್ತಿತ್ತು. ಬ್ರಷ್ ಎಳೆದರೆ ಗೆರೆ ಆಮೇಲೆ ಬರುತ್ತಿತ್ತು. ಸ್ಕ್ರೀನ್ ಮೇಲಿನ ಅಕ್ಷರ ಎಲ್ಲ ದಪ್ಪ ದಪ್ಪ. ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಅನ್ನುವಲ್ಲಿ ಟಿಕ್ ಹಾಕಲೂ ಬಿಡುತ್ತಿರಲಿಲ್ಲ. ಸಿಪಿಯು ಎತ್ತಿಕೊಂಡು ಅಂಗಡಿಗೆ ಹೋದೆ.

ಅವನು ಆನ್ ಮಾಡಿದ, ನೋಡಿದ. "ಮದರ್‌ಬೋರ್ಡಲ್ಲೇ ಇರೋ ಗ್ರಾಫಿಕ್ಸ್ ಹೋಗಿದೆ ಮೇಡಂ, ಕಾರ್ಡ್ ಹಾಕ್ಲೇಬೇಕು" ಅಂದ. ಜಿಟಿಎಕ್ಸ್ 1050 ಟಿಐ ಅನ್ನುವ ಕಾರ್ಡ್, 4 ಜಿಬಿ ಮೆಮೊರಿ, ಸೆಕೆಂಡ್ ಹ್ಯಾಂಡ್ ಆದರೂ ಹೊಸದರ ಹಾಗೇ ಇದೆ ಅಂದ. "ನಿಮ್ಮ ಹಳೇ ಮಾನಿಟರ್‌ಗೆ ಬೇಕಾದ ವಿಜಿಎ ಪೋರ್ಟೂ ಇದೆ, ಅದೃಷ್ಟ ನಿಮ್ದು" ಅಂತ ಬೇರೆ ಹೇಳಿದ. ಬಿಲ್ ಕೇಳಿದರೆ ಜಿಎಸ್‌ಟಿ ಸೇರಿ ಜಾಸ್ತಿ ಆಗುತ್ತೆ ಅಂತ ಎಸ್ಟಿಮೇಟ್ ಚೀಟಿ ಬರೆದುಕೊಟ್ಟ. ಹೊರಡುವಾಗ ಒಂದು ಮಾತು: "ಡ್ರೈವರ್ ಮಾತ್ರ ಅಪ್‌ಡೇಟ್ ಮಾಡ್ಬೇಡಿ ಮೇಡಂ." ಡ್ರೈವರ್ ಅಂದರೆ ಕಾರ್ಡನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್. ಈ ಮಾತು ನೆನಪಿಟ್ಟುಕೊಳ್ಳಿ.

ಮನೆಗೆ ಬಂದು ಒಂದು ದೊಡ್ಡ ಫ್ಲೆಕ್ಸ್ ಫೈಲ್ ತೆರೆದೆ. ಸ್ಕ್ರೀನ್ ಕಪ್ಪಾಗಿ ನಿಂತೇಹೋಯಿತು. ಫೋನ್ ಮಾಡಿದರೆ ಫೈಲ್ ದೊಡ್ಡದಾಯ್ತು ಅಂದ. ಮತ್ತೆ ಮಾಡಿದರೆ ವೈರಸ್ ಅಂದ. ಮತ್ತೆ ಮಾಡಿದರೆ ನಿಮ್ಮನೆ ಕರೆಂಟ್ ಸರಿ ಇಲ್ಲ, ಯುಪಿಎಸ್ ಹಾಕ್ಸಿ, ನಮ್ಮಲ್ಲೇ ಇದೆ ಅಂದ! ಇನ್ನೊಂದು ವ್ಯಾಪಾರ ಮಾಡಲು ನೋಡುತ್ತಿದ್ದ.

ಕೊನೆಗೆ ನಮ್ಮಕ್ಕನ ಮಗ ಬಂದ. ಇಂಜಿನಿಯರಿಂಗ್ ಓದುವ ಹುಡುಗ. ಜಿಪಿಯು-ಝಡ್ ಅನ್ನುವ ಸಣ್ಣ ಪ್ರೋಗ್ರಾಂ ಇಳಿಸಿಕೊಂಡು ತೆರೆದ. ಕಾರ್ಡಿನ ಹೆಸರಿನ ಮುಂದೆಯೇ ‘ಫೇಕ್’ ಅಂತ ಬಂತು. ನಕಲಿ ಅಂತ ಕಂಪ್ಯೂಟರೇ ಬರೆದು ತೋರಿಸುತ್ತಿದೆ! "ಚಿಕ್ಕಮ್ಮ, ಇದು 1050 ಅಲ್ಲ, 2011ರ 550 ಟಿಐ" ಅಂದ. ನನ್ನ ಮೈಯೆಲ್ಲ ಉರಿದುಹೋಯಿತು. ದುಡ್ಡಿಗಿಂತ ಜಾಸ್ತಿ, ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದನಲ್ಲ ಅಂತ.

ಇದು ಹೇಗೆ ಮಾಡುತ್ತಾರೆ ಅಂದರೆ, ಹಳೇ ಕಾರ್ಡಿನ ಬಯಾಸ್ (ಕಾರ್ಡಿನೊಳಗೇ ಬರೆದಿಟ್ಟಿರುವ ಸಾಫ್ಟ್‌ವೇರ್) ತಿದ್ದಿ ಹೊಸ ಕಾರ್ಡಿನ ಹೆಸರು ಬರೆಯುತ್ತಾರೆ. ವಿಂಡೋಸ್ 4 ಜಿಬಿ ಅಂತಲೇ ನಂಬುತ್ತದೆ. ಒಳಗೆ ಇರುವುದು 1 ಜಿಬಿ. ಅಷ್ಟು ತುಂಬುವವರೆಗೆ ಹೇಗೋ ನಡೆಯುತ್ತದೆ, ದೊಡ್ಡ ಫೈಲ್ ತೆರೆದ ತಕ್ಷಣ ಬಿದ್ದುಹೋಗುತ್ತದೆ. ಆ ಕಾಲದ ಚಿಪ್‌ಗಳಿಗೆ ಅವುಗಳನ್ನು ಮಾಡಿದ ಎನ್‌ವಿಡಿಯಾ ಕಂಪನಿ 2018ರಲ್ಲೇ ಹೊಸ ಡ್ರೈವರ್ ಕೊಡುವುದನ್ನು ನಿಲ್ಲಿಸಿದೆ. ಹೊಸದು ಹಾಕಿದರೆ ಈ ಕಾರ್ಡ್ ಕೆಲಸ ಮಾಡಲ್ಲ. ಅಪ್‌ಡೇಟ್ ಮಾಡಬೇಡಿ ಅಂದಿದ್ದು ಇದಕ್ಕೇ! ಅದೃಷ್ಟ ಅಂದ ವಿಜಿಎ ಕೂಡ ಗುಟ್ಟು ಬಿಟ್ಟುಕೊಡುತ್ತಿತ್ತು. ನಿಜವಾದ 1050 ಟಿಐ ಚಿಪ್‌ನಲ್ಲಿ ವಿಜಿಎ ಸಿಗ್ನಲ್ಲೇ ಇಲ್ಲ.

ಆಮೇಲೆ ಹುಡುಗ ಆ ಕಾರ್ಡ್ ಕಿತ್ತು, ಮಾನಿಟರ್ ವೈರನ್ನು ಬೋರ್ಡಿಗೇ ಚುಚ್ಚಿದ. ಡಿಸ್‌ಪ್ಲೇ ಬಂತು. ಹೋಗಿದೆ ಅಂದಿದ್ದನಲ್ಲ, ಅದೇ ಬೋರ್ಡಿನ ಗ್ರಾಫಿಕ್ಸ್! ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ (ಕಂಪ್ಯೂಟರಿನ ಭಾಗಗಳ ಪಟ್ಟಿ) ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿತ್ತು. ಅಂದರೆ ಡ್ರೈವರ್ ಇಲ್ಲ ಅಂತ ಅರ್ಥ, ಅಷ್ಟೇ. ಇಂಟೆಲ್ ಸೈಟಿನಿಂದ ಡ್ರೈವರ್ ಹಾಕಿದ, ರೀಸ್ಟಾರ್ಟ್ ಮಾಡಿದ. ಫೋಟೋಶಾಪ್ ಮೊದಲಿನ ಹಾಗೆ ಓಡಿತು. ಒಂದು ಪೈಸೆ ಖರ್ಚಿಲ್ಲ. ಅಂಗಡಿಯವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ.

ಕಾರ್ಡ್ ಹಿಡಿದುಕೊಂಡು ಅಂಗಡಿಗೆ ಹೋದೆ. "ನಾವು ಕೊಟ್ಟ ಕಾರ್ಡ್ ಇದಲ್ಲ" ಅಂದ. ಅವನದೇ ಚೀಟಿ ತೋರಿಸಿದೆ. "ಆ ಸಾಫ್ಟ್‌ವೇರ್ ಎಲ್ಲಾದಕ್ಕೂ ಫೇಕ್ ಅನ್ನುತ್ತೆ" ಅಂದ. ಹಾಗಾದರೆ ನಿಮ್ಮ ಅಂಗಡಿಯ ಬೇರೆ ಕಾರ್ಡ್ ಹಾಕಿ ತೋರಿಸಿ ಅಂದೆ. ಆಗ ಏನಂದ ಗೊತ್ತಾ? "ನಿಮ್ಮ ಮನೆಯವ್ರನ್ನ ಕಳ್ಸಿ ಮೇಡಂ, ಅವ್ರ ಹತ್ರ ಮಾತಾಡ್ತೀನಿ." ದುಡ್ಡು ಕೊಟ್ಟವಳು ನಾನು. ಕಂಪ್ಯೂಟರ್ ನನ್ನದು. ದುಡಿಮೆ ನನ್ನದು. ಮನೆಯವರು ಯಾಕೆ ಬರಬೇಕು? ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ.

ಯಾರಾದರೂ ಗ್ರಾಫಿಕ್ಸ್ ಹೋಗಿದೆ ಅಂದರೆ ಮೊದಲು ಡಿವೈಸ್ ಮ್ಯಾನೇಜರ್ ನೋಡಿ, ಡ್ರೈವರ್ ಹಾಕಿ ನೋಡಿ. ಕಾರ್ಡ್ ಬೇಕೇ ಬೇಕು ಅಂದರೆ ಅಂಗಡಿಯಲ್ಲೇ, ನಿಮ್ಮ ಎದುರಿಗೇ ಜಿಪಿಯು-ಝಡ್ ತೆರೆಸಿ. ಆಗಲ್ಲ ಅಂದರೆ ಎದ್ದು ಬನ್ನಿ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ.

ನಾನು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಅದು ಗೊತ್ತಾದ ಮೇಲೆ "2,000 ವಾಪಸ್ ತಗೊಂಡು ಮುಗಿಸಿ" ಅಂತ ಮೆಸೇಜ್ ಹಾಕಿದ್ದಾನೆ. ತಗೊಳ್ಳಲ್ಲ. ಇಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ನಿಮಗೂ ಹೀಗೇ ಆಗಿದ್ದರೆ ಚೀಟಿ, ಫೋನ್‌ಪೇ ದಾಖಲೆ, ಅವರು ಕಳಿಸಿದ ಮೆಸೇಜು, ಯಾವುದನ್ನೂ ಅಳಿಸಬೇಡಿ.