ಕೇಳಿ ಕೊಳ್ಳುವವರಿಗೆ ಜೆ.ಸಿ. ರಸ್ತೆ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ನನ್ನ ಸ್ವಿಫ್ಟ್ ಕಾರಿಗೆ ಮುಂದಿನ ಬಂಪರ್ ಕೊಂಡೆ. ಬೆಲೆಗಿಂತ ನನಗೆ ಹೆಚ್ಚು ಹಿಡಿಸಿದ್ದು ಕೌಂಟರಿನಲ್ಲಿದ್ದವರ ತಿಳಿವಳಿಕೆ. ಒಂದೇ ಹೆಸರಿನ ಕಾರಾದರೂ ತಲೆಮಾರು ಬದಲಾದರೆ ಬಂಪರ್ ಕೂರುವುದಿಲ್ಲವಾದ್ದರಿಂದ, ಅವರು ಆರ್.ಸಿ.ಯಲ್ಲಿ ತಯಾರಿಕೆಯ ತಿಂಗಳು, ವರ್ಷ ನೋಡಿ, ಫಾಗ್ ಲ್ಯಾಂಪ್ ಇದೆಯೇ ಎಂದು ವಿಚಾರಿಸಿದ ಮೇಲೆಯೇ ಸರಕು ಹೊರತೆಗೆದರು.

ಕಂಪನಿಯ ಮಾಲು ಮತ್ತು ಲೋಕಲ್ ಮಾಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದು ಬಹಳ ಉಪಯೋಗವಾಯಿತು. ಕಣ್ಣಿಗೆ ಎರಡೂ ಒಂದೇ. ಆದರೆ ಲೋಕಲ್ ಬಂಪರಿನ ಸ್ಕ್ರೂ ತೂತುಗಳು ಸ್ವಲ್ಪ ಆಚೀಚೆ ಇದ್ದವು, ಹಾಗಿದ್ದರೆ ಹೆಡ್‌ಲೈಟಿನ ಕೆಳಗೆ ಸಂದು ಉಳಿಯುತ್ತದೆ. ನಾವು ಬಂಪರ್ ಎನ್ನುವುದು ಬಹುತೇಕ ಹೊರಗಿನ ಹೊದಿಕೆಯನ್ನಷ್ಟೇ. ಹೊಡೆತದ ಭಾರವನ್ನು ತಾಳುವುದು ಅದರ ಹಿಂದಿರುವ ಅಡ್ಡಪಟ್ಟಿ. ಆದ್ದರಿಂದ ಡಿಕ್ಕಿಯಾದ ಕಾರಿನಲ್ಲಿ ಅದು ಬಾಗಿದೆಯೇ ಎಂದು ನೋಡದೆ ಹೊದಿಕೆ ಮಾತ್ರ ಬದಲಿಸುವುದು ಅಪಾಯ. ಹೊದಿಕೆಯ ಒಳಮೈಯಲ್ಲಿ ಪಿಪಿ ಎಂಬ ಗುರುತಿದ್ದರೆ ಅದು ಪಾಲಿಪ್ರೊಪಿಲೀನ್ ಎಂಬ, ಬಣ್ಣ ಸುಲಭವಾಗಿ ಹಿಡಿಯದ ಪ್ಲಾಸ್ಟಿಕ್. ಬಣ್ಣಕ್ಕೆ ಮೊದಲು ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಹಚ್ಚದಿದ್ದರೆ ಬಣ್ಣ ಪದರ ಪದರವಾಗಿ ಏಳುತ್ತದೆ. ಕ್ಲಿಪ್ಪು, ಬ್ರಾಕೆಟ್ಟುಗಳನ್ನು ಬೇರೆಯಾಗಿ ಕೊಳ್ಳಬೇಕಾಗಬಹುದು ಎಂಬುದನ್ನೂ ಅವರೇ ನೆನಪಿಸಿದರು. ವಿಮೆಯಲ್ಲಿ ಪಡೆಯುವವರು ಇನ್ನೊಂದು ಸಂಗತಿ ತಿಳಿದಿರಬೇಕು: ಝೀರೋ ಡೆಪ್ರಿಸಿಯೇಷನ್ (ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆ) ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟನ್ನು ಸವಕಳಿಯೆಂದು ಕಳೆಯುತ್ತಾರೆ.

ಟೈರಿನ ಅನುಭವ ಇಷ್ಟು ಚೆನ್ನಾಗಿರಲಿಲ್ಲ. ಬೇರೊಂದು ಅಂಗಡಿಯವರು ಅಳತೆ ಸರಿಯಾಗಿಯೇ ಕೊಟ್ಟರು, ಆದರೆ ತಯಾರಿಕೆಯ ದಿನಾಂಕ ಕೇಳಿದಾಗ ಮಾತು ತೇಲಿಸಿದರು. ಆ ವಿವರ ಟೈರಿನ ಪಕ್ಕದ ಗೋಡೆಯ ಮೇಲೆಯೇ ಇರುತ್ತದೆ: ಡಿಒಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು 2324 ಎಂದಿದ್ದರೆ ಅದು 2024ರ 23ನೆಯ ವಾರದ್ದು. ಅಳತೆಯ ಗುರುತು 165/80 ಆರ್ 14 ಎಂದರೆ ಅಗಲ 165 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ರೇಡಿಯಲ್ ರಚನೆ, ರಿಮ್ 14 ಇಂಚು. ನಮ್ಮ ಕಾನೂನಿನ ಪ್ರಕಾರ ಕಾರಿನ ಟೈರಿನ ಮೈಮೇಲಿನ ತೋಡುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಮಳೆಗಾಲದ ರಸ್ತೆಗಳಲ್ಲಿ ಅಲ್ಲಿಯವರೆಗೆ ಕಾಯುವುದೇ ತಪ್ಪೆಂದು ನನ್ನ ಅಭಿಪ್ರಾಯ.

ಬಂಪರಿಗೆ ಜೆ.ಸಿ. ರಸ್ತೆಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ಟೈರನ್ನು ಮಾತ್ರ ದಿನಾಂಕವನ್ನು ಕಣ್ಣಾರೆ ನೋಡಿ, ಜಿಎಸ್‌ಟಿ ಬಿಲ್ಲು ಪಡೆದು ಕೊಳ್ಳಿ. ಕಾರು ನಿಲ್ಲಿಸಲು ಅಲ್ಲಿ ಜಾಗ ಸಿಗುವುದು ಬಲು ಕಷ್ಟವಾದ್ದರಿಂದ ಆರ್.ಸಿ.ಯ ಪ್ರತಿ ಮತ್ತು ಹಳೆಯ ಭಾಗದ ಫೋಟೋ ಹಿಡಿದು ಆಟೋದಲ್ಲಿ ಹೋಗುವುದು ಮೇಲು.