ಥಿಂಕ್‌ಪ್ಯಾಡ್ 600 ಅಥವಾ ಟಿ42: ಹಳೇ ಗೇಮ್‌ಗೆ ಯಾವುದು?

ಪ್ರಿನ್ಸ್ ಆಫ್ ಪರ್ಷಿಯಾ ತರಹದ ಡಾಸ್ (ವಿಂಡೋಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಂ) ಗೇಮ್‌ಗಳೇ ಬೇಕಾದರೆ 1998ರ ಐಬಿಎಂ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ 600 ತಗೊಳ್ಳಿ. ಅದರ ಸೌಂಡ್ ಚಿಪ್ ಆ ಕಾಲದ ಗೇಮ್‌ಗಳು ಬಳಸುತ್ತಿದ್ದ ಸೌಂಡ್ ಬ್ಲಾಸ್ಟರ್ ಕಾರ್ಡ್‌ಗೆ ಹೊಂದುತ್ತದೆ, ಹಾಗಾಗಿ ವಿಂಡೋಸ್ ಇಲ್ಲದೆ ಬರೀ ಡಾಸ್‌ನಲ್ಲೂ ಸದ್ದು ಬರುತ್ತದೆ. 3ಡಿ ಮಾತ್ರ ಕೇಳಬೇಡಿ.

2004ರ ಟಿ42ರಲ್ಲಿ 3ಡಿ ಓಡಿಸುವ ರೇಡಿಯಾನ್ ಗ್ರಾಫಿಕ್ಸ್ ಚಿಪ್ ಇದೆ, ಜಿಟಿಎ ವೈಸ್ ಸಿಟಿ ಗೇಮ್ ಓಡುತ್ತದೆ, ಡಾಸ್ ಗೇಮ್‌ಗೆ ವಿಂಡೋಸ್ ಎಕ್ಸ್‌ಪಿಯಲ್ಲಿ ಡಾಸ್‌ಬಾಕ್ಸ್ (ಡಾಸ್‌ನಂತೆ ನಡೆಯುವ ಪ್ರೋಗ್ರಾಂ) ಹಾಕಿಕೊಂಡರಾಯ್ತು. ನಾನಂತೂ ಇದನ್ನೇ ಹೇಳುವುದು. ಆದರೆ ಮೂಲೆ ಹಿಡಿದು ಒಂದೇ ಕೈಯಲ್ಲಿ ಎತ್ತಬೇಡಿ, ಬೋರ್ಡ್ ಬಾಗಿ ಗ್ರಾಫಿಕ್ಸ್ ಚಿಪ್‌ನ ಬೆಸುಗೆ ಬಿಡುತ್ತದೆ.

ಕಾರವಾರದ ಉಪ್ಪುಗಾಳಿ ಎರಡನ್ನೂ ಬಿಡಲ್ಲ. ಕೊಳ್ಳುವ ಮುಂಚೆ ಹಿಂದಿನ ಪೋರ್ಟ್‌ಗಳಲ್ಲಿ ಹಸಿರು ಕಿಲುಬು ಹಿಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಶಿರಸಿ ಕಡೆಯವರಾದರೆ ಬ್ಯಾಟರಿಯನ್ನೂ ನೋಡಿ, ಮಳೆಗಾಲದಲ್ಲಿ ಕರೆಂಟು ಹೋದರೆ ಸೇವ್ ಮಾಡದ ಆಟವೂ ಹೋಯ್ತು ಅಲ್ವಾ?