ಲಿಬ್ರೆಎನ್‌ಎಂಎಸ್: ಕಣ್ಣು ಚುರುಕು, ನೆನಪು ಮೋಟು

ಒಂದಿಬ್ಬರು ಸಿಬ್ಬಂದಿಯೇ ನೂರಾರು ಸ್ವಿಚ್, ರೂಟರ್, ವೈಫೈ ಆಕ್ಸೆಸ್ ಪಾಯಿಂಟ್ ಮತ್ತು ಯುಪಿಎಸ್‌ಗಳನ್ನು ನೋಡಿಕೊಳ್ಳಬೇಕಾದ ಕಾಲೇಜು, ಆಸ್ಪತ್ರೆ ಅಥವಾ ಸಣ್ಣ ಇಂಟರ್‌ನೆಟ್ ಸೇವಾ ಸಂಸ್ಥೆಗೆ, ಪರವಾನಗಿ ಶುಲ್ಕವಿಲ್ಲದ ನೆಟ್‌ವರ್ಕ್ ನಿರ್ವಹಣಾ ತಂತ್ರಾಂಶಗಳ ಪೈಕಿ ನಾನು ಮೊದಲು ಹೇಳುವ ಹೆಸರು ಲಿಬ್ರೆಎನ್‌ಎಂಎಸ್. ಹೇಳುವಾಗಲೇ ಒಂದು ಷರತ್ತನ್ನೂ ಸೇರಿಸುತ್ತೇನೆ: ಉಪಕರಣಗಳ ಮೇಲೆ ಕಣ್ಣಿಡಲು ಇದನ್ನು ನಂಬಬಹುದು, ಆದರೆ ಅವುಗಳ ಲಾಗ್‌ಗಳನ್ನು, ಅಂದರೆ ಅವು ಬರೆದು ಕಳಿಸುವ ಘಟನೆಗಳ ದಾಖಲೆಗಳನ್ನು, ಕಾಪಿಡಲು ಇದೊಂದನ್ನೇ ನಂಬಬಾರದು. ಈ ಷರತ್ತಿನ ಹಿಂದಿರುವುದು ತಂತ್ರಾಂಶದ ಕಳಪೆತನವಲ್ಲ, ಅದು ಯಾವ ಕೆಲಸಕ್ಕಾಗಿ ಹುಟ್ಟಿತು ಎಂಬ ಸಂಗತಿ.

ಅಬ್ಸರ್ವಿಯಂ ಎಂಬ ತಂತ್ರಾಂಶದ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಕೊನೆಯ ಆವೃತ್ತಿಯಿಂದ 2013ರಲ್ಲಿ ಕವಲೊಡೆದು ಬಂದದ್ದು ಲಿಬ್ರೆಎನ್‌ಎಂಎಸ್. ಪಿಎಚ್‌ಪಿಯಲ್ಲಿ ಬರೆಯಲಾದ ಇದು ಉಪಕರಣಗಳ ವಿವರಗಳನ್ನು ಮರಿಯಾಡಿಬಿ ಎಂಬ ದತ್ತಸಂಚಯದಲ್ಲಿ ಇಡುತ್ತದೆ, ಗ್ರಾಫ್‌ಗಳಿಗೆ ಬೇಕಾದ ಅಂಕಿಗಳನ್ನು ಟೋಬಿಯಾಸ್ ಓಟಿಕರ್ ರೂಪಿಸಿದ ಆರ್‌ಆರ್‌ಡಿಟೂಲ್‌ನ ಕಡತಗಳಲ್ಲಿ ಬರೆಯುತ್ತದೆ. ಎಂಆರ್‌ಟಿಜಿ ಎಂಬ ಹಳೆಯ ದಟ್ಟಣೆ ಮಾಪನ ತಂತ್ರಾಂಶದ ಹಸಿರು ನೀಲಿ ಗ್ರಾಫ್‌ಗಳನ್ನು ನೋಡಿ ಬೆಳೆದ ತಲೆಮಾರಿನ ನೆಟ್‌ವರ್ಕ್ ಸಿಬ್ಬಂದಿಗೆ ಇದರ ಪರದೆ ಕೂಡಲೇ ಅರ್ಥವಾಗುವುದಕ್ಕೆ ಕಾರಣವೂ ಇದೇ, ಏಕೆಂದರೆ ಎಂಆರ್‌ಟಿಜಿಯ ಕರ್ತೃವೂ ಓಟಿಕರ್ ಅವರೇ.

ಇದರ ನಿಜವಾದ ಬಲ ತಾನಾಗಿಯೇ ಹುಡುಕಿಕೊಳ್ಳುವ ಗುಣದಲ್ಲಿದೆ. ಒಂದು ಕೋರ್ ಸ್ವಿಚ್‌ನ ಐಪಿ ವಿಳಾಸ ಮತ್ತು ಎಸ್‌ಎನ್‌ಎಂಪಿ (ಉಪಕರಣಗಳ ಸ್ಥಿತಿಯನ್ನು ಕೇಳಿ ತಿಳಿಯುವ ಸಂವಹನ ನಿಯಮ) ಬಳಸಲು ಬೇಕಾದ ಗುಟ್ಟಿನ ಪದವನ್ನು ಕೊಟ್ಟು, ಯಾವ ಐಪಿ ವ್ಯಾಪ್ತಿಯೊಳಗೆ ಹುಡುಕಬೇಕೆಂದು ತಿಳಿಸಿದರೆ, ಉಪಕರಣಗಳು ಪರಸ್ಪರ ಮಾತಾಡಿಕೊಳ್ಳುವ ಎಲ್‌ಎಲ್‌ಡಿಪಿ, ಸಿಡಿಪಿ, ಒಎಸ್‌ಪಿಎಫ್ ಮತ್ತು ಬಿಜಿಪಿ ಎಂಬ ಸಂವಹನ ನಿಯಮಗಳ ಮೂಲಕ ನೆರೆಯ ಉಪಕರಣಗಳನ್ನು ಅದೇ ಪತ್ತೆ ಹಚ್ಚಿ ಪಟ್ಟಿಗೆ ಸೇರಿಸುತ್ತದೆ. ಎಸ್‌ಎನ್‌ಎಂಪಿಯಲ್ಲಿ ಪ್ರತಿಯೊಂದು ಮಾಹಿತಿಗೂ ಚುಕ್ಕಿಗಳಿಂದ ಬೇರ್ಪಟ್ಟ ಅಂಕಿಗಳ ವಿಳಾಸವಿರುತ್ತದೆ. ಇದನ್ನು ಒಐಡಿ ಎನ್ನುತ್ತಾರೆ. ಪೋರ್ಟ್ ಕೆಲಸ ಮಾಡುತ್ತಿದೆಯೇ ಎಂದು 1.3.6.1.2.1.2.2.1.8ರ ಕೊನೆಗೆ ಪೋರ್ಟ್‌ನ ಸೂಚಿಯನ್ನು ಸೇರಿಸಿ ಕೇಳಿದರೆ, ಚಾಲೂ ಇದ್ದಾಗ 1 ಎಂದೂ ನಿಂತಿದ್ದಾಗ 2 ಎಂದೂ ಉತ್ತರ ಬರುತ್ತದೆ. ತಯಾರಕರ ಖಾಸಗಿ ಮಾಹಿತಿಗಳೆಲ್ಲ 1.3.6.1.4.1ರ ಕೆಳಗೆ ಬರುತ್ತವೆ. ಅಲ್ಲಿ 9 ಎಂದರೆ ಸಿಸ್ಕೋ, 2636 ಎಂದರೆ ಜುನಿಪರ್, 14988 ಎಂದರೆ ಮೈಕ್ರೋಟಿಕ್. ಲಿಬ್ರೆಎನ್‌ಎಂಎಸ್ ಈ ಗುರುತನ್ನು ಓದಿ, ಉಪಕರಣ ಯಾವುದೆಂದು ತೀರ್ಮಾನಿಸಿ, ಅದಕ್ಕೆ ತಕ್ಕ ಪ್ರಶ್ನೆಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಫ್ಯಾನ್ ವೇಗ, ಉಷ್ಣಾಂಶ, ಆಪ್ಟಿಕಲ್ ಮಾಡ್ಯೂಲ್‌ಗೆ ಬರುತ್ತಿರುವ ಬೆಳಕಿನ ಡೆಸಿಬಲ್ ಮಟ್ಟ, ಯುಪಿಎಸ್ ಬ್ಯಾಟರಿಯಲ್ಲಿ ಉಳಿದಿರುವ ಸಮಯ ಇವೆಲ್ಲ ಯಾರೂ ಸಂರಚನೆ ಬರೆಯದೆಯೇ ಪರದೆಗೆ ಬರುತ್ತವೆ. ಫೈಬರ್ ಹಾಕಿದ ಜಾಲಗಳಲ್ಲಿ ಬೆಳಕಿನ ಮಟ್ಟದ ಗ್ರಾಫ್ ಒಂದೇ ಈ ತಂತ್ರಾಂಶಕ್ಕೆ ಪಟ್ಟ ಶ್ರಮವನ್ನು ಸಾರ್ಥಕಗೊಳಿಸುತ್ತದೆ. ಲಿಂಕ್ ಪೂರ್ತಿ ಬೀಳುವುದಕ್ಕೆ ಎಷ್ಟೋ ದಿನ ಮೊದಲೇ ಆ ಗೆರೆ ಇಳಿಯತೊಡಗಿರುತ್ತದೆ.

ಉಪಕರಣವನ್ನು ಸೇರಿಸುವಾಗ ಎಸ್‌ಎನ್‌ಎಂಪಿಯ ಯಾವ ಆವೃತ್ತಿಯನ್ನು ಆರಿಸುತ್ತೇವೆ ಎಂಬುದು ಮೇಲ್ನೋಟಕ್ಕೆ ತೋರುವುದಕ್ಕಿಂತ ದೊಡ್ಡ ವಿಷಯ. ಮೊದಲ ಆವೃತ್ತಿಯಲ್ಲಿ, ಪೋರ್ಟ್ ಮೂಲಕ ಹರಿದ ಬೈಟ್‌ಗಳನ್ನು ಲೆಕ್ಕವಿಡಲು 64 ಬಿಟ್ ಎಣಿಕೆಯೇ ಇಲ್ಲ. 32 ಬಿಟ್‌ನ ಎಣಿಕೆ, ತುಂಬಿ ಹರಿಯುತ್ತಿರುವ 100 ಮೆಗಾಬಿಟ್ ಪೋರ್ಟ್‌ನಲ್ಲಿ ಸುಮಾರು 343 ಸೆಕೆಂಡಿಗೆ ಸುತ್ತು ಮುಗಿಸಿ ಮತ್ತೆ ಸೊನ್ನೆಗೆ ಬಂದರೆ, ಗಿಗಾಬಿಟ್ ಪೋರ್ಟ್‌ನಲ್ಲಿ ಕೇವಲ 34 ಸೆಕೆಂಡಿಗೆ ಸೊನ್ನೆಗೆ ಬರುತ್ತದೆ. ಲಿಬ್ರೆಎನ್‌ಎಂಎಸ್ ಸಾಮಾನ್ಯವಾಗಿ 300 ಸೆಕೆಂಡಿಗೊಮ್ಮೆ ಕೇಳುವುದರಿಂದ, ನಡುವೆ ಎಣಿಕೆ ಎಷ್ಟು ಸುತ್ತು ಹೊಡೆಯಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ, ಗ್ರಾಫ್ ಸುಳ್ಳು ಹೇಳುತ್ತದೆ. ಆದ್ದರಿಂದ ಕನಿಷ್ಠ 2ಸಿ ಆವೃತ್ತಿ ಬೇಕು. ಆದರೆ 2ಸಿಯಲ್ಲಿ ಕಮ್ಯುನಿಟಿ ಸ್ಟ್ರಿಂಗ್, ಅಂದರೆ ಮೇಲೆ ಹೇಳಿದ ಗುಟ್ಟಿನ ಪದ, ತಂತಿಯ ಮೇಲೆ ಬಿಚ್ಚುಬಿಚ್ಚಾಗಿ ಹೋಗುತ್ತದೆ. ಅದನ್ನು ‘ಪಬ್ಲಿಕ್’ ಎಂದೇ ಬಿಟ್ಟಿರುವ ಸ್ವಿಚ್‌ಗಳು ಇಂದಿಗೂ ಅಪರೂಪವಲ್ಲ. 2002ರಲ್ಲಿ ಪೂರ್ಣ ಮಾನಕವಾದ ಮೂರನೆಯ ಆವೃತ್ತಿಯಲ್ಲಿ ಬಳಕೆದಾರರ ದೃಢೀಕರಣ, ಗೂಢಲಿಪೀಕರಣ ಎರಡೂ ಇವೆ. ಉಪಕರಣಕ್ಕೆ ಶಕ್ತಿಯಿದ್ದರೆ ಅದನ್ನೇ ಬಳಸಬೇಕು, ಇಲ್ಲದಿದ್ದರೆ ನಿರ್ವಹಣೆಗೆ ಪ್ರತ್ಯೇಕ ವಿಲ್ಯಾನ್ (ಅದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲ) ಮಾಡಿ, ಓದುವ ಅನುಮತಿಯನ್ನಷ್ಟೇ ಕೊಟ್ಟು, ಯುಡಿಪಿ 161ನೆಯ ಪೋರ್ಟ್ ಲಿಬ್ರೆಎನ್‌ಎಂಎಸ್ ಸರ್ವರ್‌ಗೆ ಮಾತ್ರ ತೆರೆದಿರುವಂತೆ ನೋಡಿಕೊಳ್ಳಬೇಕು.

ಐದು ನಿಮಿಷಕ್ಕೊಮ್ಮೆ ಕೇಳುವ ಕ್ರಮಕ್ಕೆ ಇನ್ನೊಂದು ಮುಖವಿದೆ. ಹತ್ತು ಸೆಕೆಂಡು ಉಕ್ಕಿ ಇಳಿದ ದಟ್ಟಣೆ ಐದು ನಿಮಿಷದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆರ್‌ಆರ್‌ಡಿಟೂಲ್ ಬರೆಯುವ ಆರ್‌ಆರ್‌ಡಿ ಕಡತದ ಗಾತ್ರ ಎಂದೂ ಹಿಗ್ಗದಿರುವುದು ಅದರ ದೊಡ್ಡ ಗುಣ, ಆದರೆ ಅದಕ್ಕೆ ತೆರುವ ಬೆಲೆ ವಿವರಗಳ ನಷ್ಟ: ಐದು ನಿಮಿಷದ ಅಂಕಿಗಳು ಒಂದು ವಾರ ಉಳಿಯುತ್ತವೆ, ಆಮೇಲೆ ಅರ್ಧ ಗಂಟೆಯ, ಎರಡು ಗಂಟೆಯ, ಕೊನೆಗೆ ಇಡೀ ದಿನದ ಸರಾಸರಿಗಳಷ್ಟೇ ಉಳಿಯುತ್ತವೆ. ಗರಿಷ್ಠ ಮೌಲ್ಯಗಳು ಬೇರೆಯಾಗಿ ಉಳಿಯುವುದರಿಂದ ಮುಂದಿನ ವರ್ಷ ಬ್ಯಾಂಡ್‌ವಿಡ್ತ್ ಹೆಚ್ಚಿಸಬೇಕೇ ಎಂದು ಆಡಳಿತ ಮಂಡಳಿಗೆ ತೋರಿಸಲು ಇದು ಧಾರಾಳ ಸಾಕು. ಹೋದ ತಿಂಗಳು ಒಂದು ರಾತ್ರಿ ಏನಾಯಿತು ಎಂದು ನಿಮಿಷ ನಿಮಿಷವಾಗಿ ತಿಳಿಯಲು ಸಾಕಾಗದು.

ಎಚ್ಚರಿಕೆಗಳ ವ್ಯವಸ್ಥೆ ತೃಪ್ತಿಕರವಾಗಿದೆ. ನಿಯಮಗಳ ಸಿದ್ಧ ಸಂಗ್ರಹವೇ ಜೊತೆಗಿದೆ. ಇಮೇಲ್, ಟೆಲಿಗ್ರಾಂ, ಸ್ಲ್ಯಾಕ್ ಮುಂತಾದ ದಾರಿಗಳೂ ಇವೆ. ಹೊಸಬರು ಮೊದಲ ದಿನವೇ ಎಲ್ಲ ನಿಯಮಗಳನ್ನೂ ಹಾಕಿಬಿಡುತ್ತಾರೆ, ವಾರದೊಳಗೆ ಆ ಸಂದೇಶಗಳನ್ನು ಯಾರೂ ಓದದಂತಾಗುತ್ತದೆ. ಒಂದು ಕಟ್ಟಡದ ಮೂಲ ಸ್ವಿಚ್ ನಿಂತರೆ ಅದರ ಹಿಂದಿರುವ ಇಪ್ಪತ್ತು ಸ್ವಿಚ್‌ಗಳೂ ನಿಂತಂತೆ ಕಾಣುತ್ತವೆ. ಯಾವುದು ಯಾವುದರ ಹಿಂದಿದೆ ಎಂಬ ಅವಲಂಬನೆಯನ್ನು ತಾಳ್ಮೆಯಿಂದ ತುಂಬಿದರೆ ಇಪ್ಪತ್ತೊಂದು ಸಂದೇಶಗಳ ಬದಲು ಒಂದೇ ಬರುತ್ತದೆ. ವಿದ್ಯುತ್ ಪದೇ ಪದೇ ಹೋಗುವ ಊರುಗಳಲ್ಲಿ ಇಷ್ಟನ್ನು ಮಾಡದೆ ಎಚ್ಚರಿಕೆಗಳನ್ನು ಚಾಲೂ ಮಾಡುವುದೇ ವ್ಯರ್ಥ.

ಇನ್ನು ಲಾಗ್‌ಗಳ ವಿಷಯ. ಎಸ್‌ಎನ್‌ಎಂಪಿ ಎಂಬುದು ವಾರ್ಡಿನ ಸುತ್ತಿಗೆ ಬಂದು ನಾಡಿ ನೋಡುವ ವೈದ್ಯನಾದರೆ, ಸಿಸ್‌ಲಾಗ್ ಎಂಬುದು ನೋವಾದ ಗಳಿಗೆಯಲ್ಲೇ ರೋಗಿ ಹಾಕುವ ಕೂಗು. ಎರಡು ಸುತ್ತುಗಳ ನಡುವೆ ಬಿದ್ದು ಎದ್ದ ಪೋರ್ಟ್‌ನ ಸುದ್ದಿ ಲಾಗ್‌ನಲ್ಲಿ ಮಾತ್ರ ಪೂರ್ತಿ ಸಿಗುತ್ತದೆ. ಎಸ್‌ಎನ್‌ಎಂಪಿಯಲ್ಲೂ ಟ್ರ್ಯಾಪ್ ಎಂಬ ಕೂಗಿದೆ, ಅದು ಯುಡಿಪಿ 162ಕ್ಕೆ ಬರುತ್ತದೆ. ಆದರೆ ಲಿಬ್ರೆಎನ್‌ಎಂಎಸ್ ತನ್ನಲ್ಲಿ ಹ್ಯಾಂಡ್ಲರ್ (ಅವನ್ನು ಬಿಡಿಸಿ ಓದುವ ಕೋಡ್) ಇರುವ ಟ್ರ್ಯಾಪ್‌ಗಳನ್ನಷ್ಟೇ ಅರ್ಥ ಮಾಡಿಕೊಳ್ಳುತ್ತದೆ.

1980ರ ದಶಕದಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶಕ್ಕಾಗಿ ಬರೆದ ಸಿಸ್‌ಲಾಗ್‌ನಲ್ಲಿ ಪ್ರತಿ ಸಂದೇಶದ ಮೊದಲಿಗೂ ಒಂದು ಸಂಖ್ಯೆ ಇರುತ್ತದೆ. ಮೂಲ ವಿಭಾಗದ, ಅಂದರೆ ಸಂದೇಶ ಯಾವ ಭಾಗದಿಂದ ಬಂತೆಂದು ಸೂಚಿಸುವ ವರ್ಗದ, ಸಂಖ್ಯೆಯನ್ನು 8ರಿಂದ ಗುಣಿಸಿ, ತೀವ್ರತೆಯನ್ನು ಕೂಡಿದರೆ ಆ ಸಂಖ್ಯೆ ಬರುತ್ತದೆ. ತೀವ್ರತೆ 0 ಎಂದರೆ ಅತ್ಯಂತ ತುರ್ತು, 7 ಎಂದರೆ ಡೀಬಗ್ ವಿವರ. ಸಿಸ್ಕೋ ಸ್ವಿಚ್‌ಗಳು ಸಾಮಾನ್ಯವಾಗಿ ಲೋಕಲ್7, ಅಂದರೆ 23ನೆಯ ವಿಭಾಗವನ್ನು ಬಳಸುವುದರಿಂದ, ಲಿಂಕ್ ಬಿದ್ದ 3ನೆಯ ತೀವ್ರತೆಯ ಸಂದೇಶ 187 ಎಂಬ ಸಂಖ್ಯೆ ಹೊತ್ತು ಬರುತ್ತದೆ. ಹಳೆಯ ರೂಪದ ಸಂದೇಶದಲ್ಲಿ ವರ್ಷವೂ ಇಲ್ಲ, ಕಾಲವಲಯವೂ ಇಲ್ಲ. 2009ರ ಆರ್‌ಎಫ್‌ಸಿ 5424 ಎಂಬ ಮಾನಕ ಇವನ್ನು ಸರಿಪಡಿಸಿದರೂ ಹಳೆಯ ರೂಪವನ್ನೇ ಕಳಿಸುವ ಉಪಕರಣಗಳು ಬೇಕಾದಷ್ಟಿವೆ. ಗಡಿಯಾರ ಹೊಂದಿಸದ ಸಿಸ್ಕೋ ಸ್ವಿಚ್ ಪ್ರತಿ ಬಾರಿ ಎದ್ದಾಗಲೂ ಮಾರ್ಚ್ 1ನೇ ತಾರೀಖಿನಿಂದಲೇ ಲೆಕ್ಕ ಶುರು ಮಾಡುತ್ತದೆ. ಲಿಬ್ರೆಎನ್‌ಎಂಎಸ್‌ನ ಕೈಪಿಡಿ ಸೂಚಿಸುವ ವಿಧಾನದಲ್ಲಿ ಸಂದೇಶ ಸರ್ವರ್‌ಗೆ ತಲುಪಿದ ಸಮಯವೇ ದಾಖಲಾಗುವುದರಿಂದ ಈ ತೊಡಕು ಅಲ್ಲಿ ಕಾಣುವುದಿಲ್ಲ, ಅದು ಜಾಣತನವೇ ಸರಿ. ಹಾಗೆಂದು ಜಾಲದ ಮೂಲಕ ಗಡಿಯಾರವನ್ನು ಸರಿಪಡಿಸುವ ಎನ್‌ಟಿಪಿಯನ್ನು ಹೊಂದಿಸುವುದನ್ನು ಬಿಡುವಂತಿಲ್ಲ.

ಒಂದು ಸ್ವಿಚ್‌ನ ಪುಟದಲ್ಲೇ ಅದರ ಗ್ರಾಫ್ ಮತ್ತು ಲಾಗ್ ಎರಡನ್ನೂ ನೋಡಬಹುದಾದ ಸೌಕರ್ಯ ಬಹಳ ಹಿತವೆನಿಸುತ್ತದೆ. ತೊಂದರೆಯಿರುವುದು ದಾಸ್ತಾನಿನಲ್ಲಿ. ಎಲ್ಲ ಸಂದೇಶಗಳೂ ಮರಿಯಾಡಿಬಿಯ ಒಂದೇ ಕೋಷ್ಟಕಕ್ಕೆ ಹೋಗುತ್ತವೆ. ಫೈರ್‌ವಾಲ್‌ನ ಪ್ರತಿ ಸಂಪರ್ಕದ ಲಾಗನ್ನೂ ಅಲ್ಲಿಗೆ ಸುರಿದರೆ ಇಡೀ ತಂತ್ರಾಂಶವೇ ತೆವಳತೊಡಗುತ್ತದೆ. ಪಟ್ಟಿಯಲ್ಲಿಲ್ಲದ ಉಪಕರಣ ಕಳಿಸಿದ ಸಂದೇಶ ದಾಖಲಾಗುವುದೇ ಇಲ್ಲ, ಮತ್ತು 30 ದಿನಗಳಿಗಿಂತ ಹಳೆಯ ಸಂದೇಶಗಳನ್ನು ಅಳಿಸುವುದು ಅದರ ರೂಢಿಯ ಸಂರಚನೆ. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಸೇವಾ ಸಂಸ್ಥೆಗಳು, ಡೇಟಾ ಸೆಂಟರ್‌ಗಳು, ಕಾರ್ಪೊರೇಟ್ ಸಂಸ್ಥೆಗಳು ಹಾಗೂ ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್‌ಗಳನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಬೇಕೆಂದು ಹೇಳುತ್ತದೆ. ಅಳಿಸುವ ಅವಧಿಯನ್ನು 180 ದಿನಕ್ಕೆ ಏರಿಸಿದರಾಯಿತಲ್ಲ ಎನ್ನುವವರಿಗೆ ನನ್ನ ಉತ್ತರ, ಆ ಕೋಷ್ಟಕವನ್ನು ಅದಕ್ಕಾಗಿ ಕಟ್ಟಿಲ್ಲ ಎಂಬುದು.

ನನ್ನ ಸಲಹೆ ಹೀಗಿದೆ. ಎಲ್ಲ ಉಪಕರಣಗಳ ಲಾಗ್ ಮೊದಲು ಆರ್‌ಸಿಸ್‌ಲಾಗ್ ಎಂಬ ಲಾಗ್ ಸಂಗ್ರಹ ತಂತ್ರಾಂಶ ಇರುವ ಪ್ರತ್ಯೇಕ ಸರ್ವರ್‌ಗೆ ಬರಲಿ. ಅಲ್ಲಿ ದಿನಕ್ಕೊಂದು ಕಡತವಾಗಿ, ಕುಗ್ಗಿಸಿ, 180 ದಿನ ಇಡಲಿ; ಹುಡುಕಾಟ ಹೆಚ್ಚಾಗಿ ಬೇಕಿದ್ದರೆ ಗ್ರೇಲಾಗ್ ಹಾಕಲಿ, ಅದನ್ನು ಲಿಬ್ರೆಎನ್‌ಎಂಎಸ್‌ಗೆ ಜೋಡಿಸಲು ಅವಕಾಶವಿದೆ. ಸ್ವಿಚ್ ಮತ್ತು ರೂಟರ್‌ಗಳ 0ಯಿಂದ 5ರವರೆಗಿನ ತೀವ್ರತೆಯ ಸಂದೇಶಗಳನ್ನು ಮಾತ್ರ ಆ ಸರ್ವರ್‌ನಿಂದ ಲಿಬ್ರೆಎನ್‌ಎಂಎಸ್‌ಗೆ ದಾಟಿಸಬೇಕು. ಹಾಗೆ ದಾಟಿಸುವಾಗ ಮೂಲ ಉಪಕರಣದ ಹೆಸರು ಸಂದೇಶದೊಂದಿಗೆ ಉಳಿಯುವಂತೆ ನೋಡಿಕೊಳ್ಳದಿದ್ದರೆ ಎಲ್ಲವೂ ಆರ್‌ಸಿಸ್‌ಲಾಗ್ ಸರ್ವರ್‌ನದೇ ಎಂದು ದಾಖಲಾಗುತ್ತದೆ. 4ಕ್ಕೇ ನಿಲ್ಲಿಸುವ ಆಸೆಯಾಗುತ್ತದೆ, ಆದರೆ ಸಿಸ್ಕೋದಲ್ಲಿ ಯಾರೋ ಸಂರಚನೆ ಬದಲಿಸಿದರೆಂಬ ಸಂದೇಶದ ತೀವ್ರತೆ 5, ಅದನ್ನು ಕಳೆದುಕೊಳ್ಳುವುದು ಸರಿಯಲ್ಲ. ಬದಲಾದದ್ದು ಏನೆಂದು ತಿಳಿಯಲು ಆಕ್ಸಿಡೈಸ್ಡ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ಜೋಡಿಸಿದರೆ, ಸಂರಚನೆಯ ಹಳೆಯ ಹೊಸ ಪ್ರತಿಗಳ ವ್ಯತ್ಯಾಸ ಅದೇ ಪರದೆಯಲ್ಲಿ ಕಾಣುತ್ತದೆ.

ಸ್ಥಾಪನೆ ಲಿನಕ್ಸ್ ಬಲ್ಲವರಿಗೆ ಕಷ್ಟವಲ್ಲ; ಡಾಕರ್ ಎಂಬ ಸಿದ್ಧ ಪೊಟ್ಟಣದ ರೂಪವೂ ಲಭ್ಯವಿದೆ. ವ್ಯಾಲಿಡೇಟ್ ಎಂಬ ಸ್ಕ್ರಿಪ್ಟ್ ಪಿಎಚ್‌ಪಿ ಮತ್ತು ಸರ್ವರ್‌ಗಳ ಕಾಲವಲಯ ಹೊಂದುತ್ತಿಲ್ಲ ಎಂಬಂಥ ಸಣ್ಣ ದೋಷಗಳನ್ನೂ ಹಿಡಿದು ತೋರಿಸುತ್ತದೆ. ತಂತ್ರಾಂಶ ಪ್ರತಿದಿನ ತಾನೇ ನವೀಕರಿಸಿಕೊಳ್ಳುವುದು ಇಲ್ಲಿಯ ರೂಢಿ. ನೆಮ್ಮದಿ ಬೇಕೆನ್ನುವವರು ತಿಂಗಳ ಬಿಡುಗಡೆಗಳ ದಾರಿಯನ್ನು ಆರಿಸಿಕೊಳ್ಳುವುದು ಮೇಲು. ಪ್ರತಿ ಪೋರ್ಟ್‌ಗೂ ಒಂದೊಂದು ಆರ್‌ಆರ್‌ಡಿ ಕಡತ ಇರುವುದರಿಂದ ಪ್ರೊಸೆಸರ್‌ಗಿಂತ ಡಿಸ್ಕ್‌ನ ಮೇಲೆ ಹೊರೆ ಹೆಚ್ಚು. ಎಸ್‌ಎಸ್‌ಡಿ ಇರಲಿ, ಉಪಕರಣಗಳು ಹೆಚ್ಚಿದಂತೆ ಬರವಣಿಗೆಯನ್ನು ಒಟ್ಟುಗೂಡಿಸಿ ಡಿಸ್ಕ್‌ನ ಹೊರೆ ತಗ್ಗಿಸುವ ಆರ್‌ಆರ್‌ಡಿಕ್ಯಾಶ್ಡ್ ಸೇರಿಸಲಿ. ಜಾಲಕ್ಕಿಂತ ಸರ್ವರ್ ಮತ್ತು ಅನ್ವಯಿಕ ತಂತ್ರಾಂಶಗಳೇ ಹೆಚ್ಚಿರುವ ಕಡೆ ಝ್ಯಾಬಿಕ್ಸ್ ಎಂಬ ಇನ್ನೊಂದು ನಿಗಾ ತಂತ್ರಾಂಶ ಇದಕ್ಕಿಂತ ಸೂಕ್ತ, ಅದರ ಏಜೆಂಟ್ ಸರ್ವರ್‌ನ ಒಳಗಿನ ಸ್ಥಿತಿಯನ್ನು ಇನ್ನಷ್ಟು ಆಳವಾಗಿ ಓದುತ್ತದೆ. ಆದರೆ ಅದರ ಟೆಂಪ್ಲೇಟ್‌ಗಳನ್ನು ಕಲಿತು ಪಳಗಲು ಹೆಚ್ಚು ಸಮಯ ಬೇಕಾಗುತ್ತದೆ.